ಪಂಕಜಕ್ಕ ಬಿಟ್ಟ ಚುಕ್ಕಿಗಳು

ಪೀಣ್ಯ ಎರಡನೇ ಹಂತದ ಬಸ್ ನಿಲ್ದಾಣದ ಎದುರಿನ ಟೈಪಿಂಗ್ ಅಂಗಡಿಯ ಬಾಗಿಲು ಬೆಳಗಿನ ಆರಕ್ಕೇ ಅರ್ಧ ಮೇಲೆದ್ದಿರುತ್ತದೆ. ಸುತ್ತಲ ಶೆಡ್ಡುಗಳಲ್ಲಿ ಲೇತುಗಳ ಕಿರುಗುಟ್ಟುವಿಕೆ ಇನ್ನೂ ಶುರುವಾಗಿಲ್ಲ. ರಾತ್ರಿ ಪಾಳಿ ಮುಗಿಸಿದವರು ಟೀ ಗಾಡಿಯ ಸುತ್ತ ನಿಂತು ಕಣ್ಣುಜ್ಜಿಕೊಳ್ಳುತ್ತಿದ್ದಾರೆ. ಅಂಗಡಿಯೊಳಗೆ ಪಂಕಜಾ ಮೇಣದ ಸ್ಟೆನ್ಸಿಲ್ ಹಾಳೆಯೊಂದನ್ನು ಬೆಳಕಿಗೆ ಹಿಡಿದು, ಉಕ್ಕಿನ ಮೊನೆಯ ಕಡ್ಡಿಯಿಂದ ಅಕ್ಷರಗಳ ತಲೆಯ ಮೇಲೆ ಚುಕ್ಕಿ ಇಡುತ್ತಿದ್ದಾಳೆ. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು. ಜಾಸ್ತಿ ಒತ್ತಿದರೆ ಹಾಳೆ ತೂತು, ಒತ್ತದಿದ್ದರೆ ಚುಕ್ಕಿ ಮೂಡುವುದಿಲ್ಲ.

"ಸ್ವಲ್ಪ ಕೂತಿರಿ ಸಾರ್, ಈ ಪೇಜೊಂದು ಆಗ್ಲಿ," ಎನ್ನುತ್ತಾಳೆ ತಲೆಯೆತ್ತದೆ. ಅವಳ ಬಗ್ಗೆ ಬರೆಯಲು ಪತ್ರಿಕೆಯಿಂದ ಬಂದವರು ಸ್ಟೂಲಿನ ಮೇಲೆ ಕೂರುತ್ತಾರೆ. ಪೇಜು ಮುಗಿದ ಮೇಲೆ ಅವರಿಗೆ ಸಿಗುವ ಮೊದಲ ಮಾತು ಇದು: "ಬರೀತೀನಿ ಅಂದ್ರೆ ಬರೀರಿ, ನನ್ ಹೆಸರು ಮಾತ್ರ ಹಾಕ್ಬೇಡಿ. ನಾಚಿಕೆ ಆಗುತ್ತೆ."

ಹೊಗಳಿಸಿಕೊಳ್ಳಲು ಸಂಕೋಚ ಇರಬೇಕು ಎಂದುಕೊಳ್ಳುತ್ತಾರೆ ಬಂದವರು. ಸಂಕೋಚವಂತೆ, ಸಂಕೋಚ! ಪಂಕಜಾ ಹೇಳಿದ್ದು ನಾಚಿಕೆ, ಅದೂ ಅಪ್ಪಟ ನಾಚಿಕೆ. ಅದು ಯಾತಕ್ಕೆ ಎಂದು ತಿಳಿಯಬೇಕಾದರೆ ಈ ಚುಕ್ಕಿಗಳ ಕಥೆ ಕೇಳಬೇಕು.

ಪಂಕಜಾಳ ಅಪ್ಪ ಜಾಲಹಳ್ಳಿ ಕಡೆಯ ಗಡಿಯಾರ ಕಾರ್ಖಾನೆಯಲ್ಲಿದ್ದವರು. ಮಗಳು ಪಿಯುಸಿಯಲ್ಲಿ ಗಣಿತಕ್ಕೆ ಹೆದರಿ ಓದು ಬಿಟ್ಟಾಗ ಬೈಯಲಿಲ್ಲ, ಟೈಪಿಂಗ್ ಕಲಿಸಿದರು. ಆಮೇಲೆ ಹಳೆಯ ಟೈಪ್‌ರೈಟರ್ ಒಂದು, ಕೈಯಲ್ಲಿ ತಿರುಗಿಸಿ ಸ್ಟೆನ್ಸಿಲ್‌ನಿಂದ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ ಒಂದು ತಂದು ಈ ಅಂಗಡಿ ಹಾಕಿಕೊಟ್ಟರು. ಈಗ ಅಪ್ಪ ಇಲ್ಲ. ಮನೆಯಲ್ಲಿ ತಾಯಿ ವೆಂಕಟಮ್ಮ, ಅಂಗಡಿಯಲ್ಲಿ ಪಂಕಜಾ. ಹಗಲೆಲ್ಲ ಕಾರ್ಖಾನೆಗಳ ಕೊಟೇಶನ್ನು, ಚಲನ್ನು. ಆದರೆ ಅಂಗಡಿಗೆ ಹೆಸರು ತಂದಿರುವುದು ಸಂಜೆ ಕಾಲೇಜಿನ ನೋಟ್ಸು.

ಡಿಪ್ಲೊಮಾ ಮುಗಿಸಿ ಪೀಣ್ಯದ ಶೆಡ್ಡುಗಳಲ್ಲಿ ದುಡಿಯುವವರು ಸಂಜೆ ಬಸ್ ಹಿಡಿದು ಸಿಟಿಗೆ ಹೋಗಿ ಇಂಜಿನಿಯರಿಂಗ್ ಓದುತ್ತಾರೆ. ಅವರಿಗೆಲ್ಲ ಡೈನಮಿಕ್ಸ್ ಎಂಬ ಚಲನೆಯ ಗಣಿತ ಕಬ್ಬಿಣದ ಕಡಲೆ. ಹಗಲೆಲ್ಲ ತಿರುಗುವ ಯಂತ್ರದ ಮುಂದೆಯೇ ನಿಂತಿದ್ದರೂ, ಅದೇ ತಿರುಗುವುದು, ಅದುರುವುದು ಕಾಗದದ ಮೇಲೆ ಸಮೀಕರಣವಾಗಿ ಬಂದಾಗ ಕೈಕಾಲು ಬಿಡುತ್ತಾರೆ. ಓವರ್‌ಟೈಮ್ ಮುಗಿಸಿ ಓಡುವಷ್ಟರಲ್ಲಿ ಅರ್ಧ ಪಾಠ ಆಗಿಹೋಗಿರುತ್ತದೆ. ಹಾಗಾಗಿ ಮೇಷ್ಟರು ದ್ವಾರಕಾನಾಥ್ ತಮ್ಮ ಕೈಬರಹವನ್ನು ಪಂಕಜಾಗೆ ಕೊಡುತ್ತಾರೆ, ಅವಳು ಸ್ಟೆನ್ಸಿಲ್ ಮಾಡಿ ಪ್ರತಿ ತೆಗೆಯುತ್ತಾಳೆ.

ಮೇಷ್ಟರು ಒಳ್ಳೆಯವರು, ಅವರ ಪೆನ್ನು ಮಾತ್ರ ಶುದ್ಧ ಪೋಲಿ. ಸೋರಿ ಸೋರಿ ಹಾಳೆ ತುಂಬ ಇಂಕಿನ ಹನಿ. ಪಂಕಜಾಗೋ ಅಚ್ಚುಕಟ್ಟಿನ ಹುಚ್ಚು. ಎಂಬತ್ಮೂರರಲ್ಲಿ ಮೊದಲ ಸಲ ಡೈನಮಿಕ್ಸ್ ನೋಟ್ಸು ಬಂದಾಗ ಎಕ್ಸ್ ಎಂಬ ಅಕ್ಷರದ ಮೇಲೆ ಕೆಲವು ಕಡೆ ಒಂದು ಚುಕ್ಕಿ, ಕೆಲವು ಕಡೆ ಎರಡು ಕಂಡವು. ಇದೂ ಪೆನ್ನಿನ ಪ್ರತಾಪ ಎಂದುಕೊಂಡು ಎಲ್ಲವನ್ನೂ ಬಿಟ್ಟು, ಹಲ್ಲುಜ್ಜಿದಷ್ಟು ಚೊಕ್ಕಟವಾಗಿ ಟೈಪು ಮಾಡಿಕೊಟ್ಟಳು. "ನನ್ ಅಕ್ಷರಕ್ಕಿಂತ ಚೆನ್ನಾಗಿದೆಯಮ್ಮಾ," ಎಂದು ಮೇಷ್ಟರು ಮೇಲಿನ ಹಾಳೆ ಮಾತ್ರ ನೋಡಿ ಹೊಗಳಿದರು. ಅವಳು ಉಬ್ಬಿಹೋದಳು.

ಮರುವರ್ಷ ಹೊಸ ತಂಡಕ್ಕೆ ಪಾಠ ಮಾಡಲು ಅದೇ ನೋಟ್ಸು ಬಿಡಿಸಿದ ಮೇಷ್ಟರು ಮುಖ ಕಪ್ಪಿಟ್ಟುಕೊಂಡು ಅಂಗಡಿಗೆ ಬಂದರು.

"ಚುಕ್ಕಿ ಎಲ್ಲಮ್ಮಾ ಪಂಕಜಾ?"

"ಇಂಕು ಬಿದ್ದಿತ್ತಲ್ಲ ಸಾರ್, ನಾನೇ ಕ್ಲೀನ್ ಮಾಡ್ದೆ."

ಮೇಷ್ಟರು ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ ಎದುರಿಗೆ ನಿಂತಿದ್ದ ಬಿ.ಟಿ.ಎಸ್. ಬಸ್ಸನ್ನೇ ತೋರಿಸಿ ಹೇಳಿದರು. ಬಸ್ಸು ಎಲ್ಲಿದೆ ಅನ್ನುವುದು ಬರೀ ಎಕ್ಸ್. ಎಷ್ಟು ಜೋರಾಗಿ ಓಡುತ್ತಿದೆ ಅನ್ನುವುದಕ್ಕೆ ಒಂದು ಚುಕ್ಕಿ. ಡ್ರೈವರ್ ದಿಢೀರನೆ ವೇಗ ಏರಿಸಿದಾಗ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಆ ಏರಿಕೆಗೆ ಎರಡು. "ನೀನು ಚುಕ್ಕಿ ತೆಗೆದು ಬಸ್ಸನ್ನ ಡಿಪೋದಲ್ಲೇ ನಿಲ್ಲಿಸ್ಬಿಟ್ಟಿದೀಯ ಕಣಮ್ಮ. ಡೈನಮಿಕ್ಸಲ್ಲಿ ಡೈನಮಿಕ್ಸೇ ಇಲ್ಲ."

"ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು ಸಾರ್," ಎನ್ನುತ್ತಾಳೆ ಪಂಕಜಾ. ಮನೆಯಲ್ಲಿ ವೆಂಕಟಮ್ಮ ಬೇರೆ: "ದಿನಾ ಬಾಗ್ಲಿಗೆ ಚುಕ್ಕಿ ರಂಗೋಲಿ ಇಡ್ತೀಯ, ಒಂದೂ ತಪ್ಪಲ್ಲ. ಕಾಗದದ ಮೇಲೆ ಬಂದಿದ್ದು ಗಲೀಜಾಗ್ ಕಂಡ್ತೇನೇ?"

ಇಲ್ಲಿಗೆ ನಿಂತಿದ್ದರೆ ಅದು ಬರೀ ತಪ್ಪು. ಅವಳ ನಾಚಿಕೆ ಅದರಾಚೆಯದು. ಕ್ಲಾಸಿನಲ್ಲಿ ಬೋರ್ಡು ನೋಡಿ ಬರೆದುಕೊಂಡವರಿಗೆ ಏನೂ ಆಗಿರಲಿಲ್ಲ. ತಡವಾಗಿ ಬಂದು ನೋಟ್ಸನ್ನೇ ನಂಬಿ ಉರು ಹೊಡೆದವರು ಫೇಲಾಗಿದ್ದರು. ಅವರಲ್ಲಿ ಪೀಣ್ಯ ಊರಿನವನೇ ಆದ ಬೈರಪ್ಪನೂ ಒಬ್ಬ. ಅವನು ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಕೆಲಸ ಮಾಡುತ್ತಾನೆ. ಬಿ.ಇ. ಮುಗಿಸಿದರೆ ಸೂಪರ್‌ವೈಸರ್ ಮಾಡುತ್ತೇನೆಂದು ಯಜಮಾನರು ಮಾತು ಕೊಟ್ಟಿದ್ದರು. "ಹೊಸಬರಿಗೆ ಸರಿಮಾಡಿಬಿಡು, ಹಳೇದು ಹೋಗ್ಲಿ ಬಿಡು," ಎಂದು ಮೇಷ್ಟರು ಎದ್ದುಹೋದರು. ಅವರಿಗೂ ಪಾಪ, ತಪ್ಪು ತಮ್ಮ ಸೋರುವ ಪೆನ್ನಿನ ತಲೆಗೆ ಬಂದೀತೆಂಬ ಚಿಂತೆ. ಪಂಕಜಾ ಹೂಂ ಎಂದಳು. ಅದೇ ಹಳೆಯ ನೋಟ್ಸು ಇಟ್ಟುಕೊಂಡು ಬೈರಪ್ಪ ಎರಡನೇ ಸಲ ಪರೀಕ್ಷೆಗೆ ಕಟ್ಟಿದ್ದು ಅವಳಿಗೆ ಗೊತ್ತಿತ್ತು. ಅರ್ಜಿ ಟೈಪು ಮಾಡಿಕೊಟ್ಟವಳೂ ಅವಳೇ. ಆಗಲೂ ಬಾಯಿ ಬಿಡಲಿಲ್ಲ. ಅವನು ಮತ್ತೆ ಫೇಲಾದ.

"ಮೊದಲ್ನೇ ಸಲದ್ದು ಗೊತ್ತಿಲ್ದೆ ಆಗಿದ್ದು. ಎರಡನೇದು ನನ್ ಮರ್ಯಾದೆ ಉಳಿಸ್ಕೊಳ್ಳೋಕೆ ಸಾರ್," ಎನ್ನುವಾಗ ಅವಳ ದನಿ ಇಳಿಯುತ್ತದೆ. "ಪಂಕಜಕ್ಕನ ನೋಟ್ಸು ಅಂದ್ರೆ ಪಾಸು ಗ್ಯಾರಂಟಿ ಅಂತಾರೆ ಹುಡುಗ್ರು. ಅದನ್ನ ಕೇಳ್ದಾಗೆಲ್ಲ ಯಾರೋ ಕಪಾಳಕ್ಕೆ ಬಾರಿಸ್ದಂಗಾಗುತ್ತೆ."

ಏಳರ ಹೊತ್ತಿಗೆ ಬಾಗಿಲಲ್ಲಿ ನೆರಳು ಬೀಳುತ್ತದೆ. ನೆನೆಸಿದವರ ಎದುರಲ್ಲೇ ಬಂದಂತೆ, ಬೈರಪ್ಪನೇ. ಪಾಳಿಗೆ ಹೊರಟವನು, ಕೈಯಲ್ಲಿ ಟಿಫಿನ್ ಕ್ಯಾರಿಯರ್, ಕಂಕುಳಲ್ಲಿ ಸುತ್ತಿದ ನೋಟ್ಸು.

"ತಕಳಿ ಅಕ್ಕ, ಯಾರಿಗಾರ ಕೊಡಿ. ನಾನ್ ಓದೋದ್ ಬುಟ್ಬುಟ್ಟೆ. ನಮ್ ತಲೆಗೆ ಅತ್ತಲ್ಲ ಇದು. ಸೂಪ್ರವೈಜರ್ ಕುರ್ಚಿಗೆ ಬ್ಯಾರೆಯೋರ್ನ ಕೂರ್ಸ್ತಾವ್ರಂತೆ."

ಪಂಕಜಾ ನೋಟ್ಸು ತೆಗೆದುಕೊಳ್ಳುವುದಿಲ್ಲ. ಪತ್ರಿಕೆಯವರನ್ನು ನೋಡುತ್ತಾಳೆ, ಟೈಪ್‌ರೈಟರನ್ನು ನೋಡುತ್ತಾಳೆ. ಸೆರಗಿನಿಂದ ಮುಖ ಒರೆಸಿಕೊಂಡು, "ಬೈರಪ್ಪ, ಕೂತ್ಕೊಳಪ್ಪ. ನಿನ್ ತಲೆ ಸರಿಯಾಗೇ ಇದೆ. ಕೆಟ್ಟಿರೋದು ನಾನು ಕೊಟ್ಟ ನೋಟ್ಸು," ಎನ್ನುತ್ತಾಳೆ. ಒಂದೇ ಉಸಿರಿಗೆ ಇಂಕು, ಚುಕ್ಕಿ, ಬಸ್ಸು, ತಾನು ಸುಮ್ಮನಿದ್ದದ್ದು ಎಲ್ಲ ಹೇಳಿಬಿಡುತ್ತಾಳೆ.

ಬೈರಪ್ಪ ಮೊದಲು ನಗುತ್ತಾನೆ. "ಅದ್ಕೇ ಮತ್ತೆ! ಎಲ್ಲಾ ಒಂದೇ ಎಕ್ಸು ಅಲ್ವಾ ಅಂತ ಪರೀಕ್ಸೇಲಿ ಅದನ್ನ ಕಾಮನ್ ಮಾಡಿ ಬ್ರಾಕೆಟ್ಟಿಂದ ಆಚೆ ತಗ್ದೆ ಅಕ್ಕ. ಲೆಕ್ಕ ಮೂರ್ ಗೆರೇಲಿ ಮುಗ್ದೋಯ್ತು. ಇಸ್ಟ್ ಸಲೀಸಾ ಅಂತ ಕುಸೀಲಿ ಆಚೆ ಬಂದೆ." ನಗು ಅಲ್ಲಿಗೇ ನಿಲ್ಲುತ್ತದೆ. "ಎರಡ್ ಸಲ ನಮ್ಮಪ್ಪನ್ ಕೈಲಿ ದಡ್ಡ ಅನ್ನಿಸ್ಕಂಡೆ. ನಾನೇ ನನ್ನ ದಡ್ಡ ಅನ್ಕಂಡೆ. ಎರಡ್ನೇ ಸಲಕ್ಕಾರ ಯೋಳ್ಬಾರ್ದಿತ್ತಾ ಅಕ್ಕ?"

"ಹೇಳ್ಬೇಕಿತ್ತು," ಎನ್ನುತ್ತಾಳೆ ಪಂಕಜಾ. ತಲೆ ತಗ್ಗುತ್ತದೆ.

ಕಾರ್ಖಾನೆಯ ಸೈರನ್ ಕೂಗುತ್ತದೆ. ಬೈರಪ್ಪ ಎದ್ದವನು ಹೋಗುವುದಿಲ್ಲ. ನೋಟ್ಸನ್ನು ಅವಳ ಮುಂದೆ ಬಿಡಿಸಿಟ್ಟು, "ಚುಕ್ಕಿ ಇಡಿ ಅಕ್ಕ. ನನ್ ಕಣ್ಮುಂದೇನೇ ಇಡಿ," ಎನ್ನುತ್ತಾನೆ. ಕ್ಷಮಿಸಿದೆ ಎಂದು ಅವನು ಹೇಳುವುದಿಲ್ಲ, ಅವಳು ಕೇಳುವುದೂ ಇಲ್ಲ. ಮೇಷ್ಟರ ಹಾಳೆ ಪಕ್ಕಕ್ಕಿಟ್ಟುಕೊಂಡು ಇಂಕಿನ ಪೆನ್ನಿನಲ್ಲಿ ಒಂದೊಂದೇ ಚುಕ್ಕಿ ಇಡುತ್ತಾಳೆ, ಅವನು ಬಗ್ಗಿ ನೋಡುತ್ತಾನೆ. ಮೂರನೇ ಪುಟದಲ್ಲಿ, "ಇಲ್ಲಿ ಎರಡು ಬರ್ಬೇಕಲ್ವಾ ಅಕ್ಕ? ವೇಗ ಏರ್ತಾ ಐತೆ," ಎಂದು ಅವನೇ ಬೆರಳಿಡುತ್ತಾನೆ. ಮೇಷ್ಟರ ಹಾಳೆಯಲ್ಲೂ ಎರಡೇ ಇವೆ. ಪಾಳಿಗೆ ತಡವಾದರೂ ಕೊನೆಯ ಪುಟದವರೆಗೆ ನಿಂತು, ನೋಟ್ಸನ್ನು ಕಂಕುಳಿಗೆ ಸೇರಿಸಿಕೊಂಡು ಓಡುತ್ತಾನೆ.

ಪತ್ರಿಕೆಯವರು ಏಳುತ್ತಾರೆ. ಹೆಸರು ಹಾಕುವುದಿಲ್ಲ, ಹೆದರಬೇಡಿ ಎನ್ನುತ್ತಾರೆ. ಪಂಕಜಾ ಬಾಗಿಲವರೆಗೂ ಬಂದು ತಡೆಯುತ್ತಾಳೆ.

"ಹಾಕಿ ಸಾರ್. ಹೆಸರೂ ಹಾಕಿ, ಅಡ್ರೆಸ್ಸೂ ಹಾಕಿ. ಇವನೊಬ್ಬ ಸಿಕ್ಕಿದ. ಮಿಕ್ಕೋರು ಎಲ್ಲೆಲ್ಲಿ ಪುಸ್ತಕ ಮಡಚಿಟ್ಟು ಕೂತಿದಾರೋ ನನಗೆ ಗೊತ್ತಿಲ್ಲ. ಎಂಬತ್ಮೂರರ ನೋಟ್ಸು ಯಾರ್ ಹತ್ರ ಇದ್ರೂ ತಗೊಂಡ್ಬರ್ಲಿ. ನೀವು ದಡ್ಡರಲ್ಲ, ಚುಕ್ಕಿ ಬಿಟ್ಟೋಳು ಪಂಕಜಾ ಅಂತ ಹಾಗೇ ಬರೀರಿ. ಬಾಗ್ಲು ಆರಕ್ಕೇ ತೆಗ್ದಿರುತ್ತೆ."