ದಾಸಪ್ಪನ ಬರಿಗಾಲು

ಉದ್ದನಪಲ್ಲಿಯ ದಾಸಪ್ಪನ ಕೆಲಸ ನಡೆಯುವುದು. ಹೊಲಗಳ ಅಡಿಯಲ್ಲಿ ಹಾದುಹೋಗುವ ಗ್ಯಾಸ್ ಪೈಪಿನ ಗುಂಟ ದಿನಕ್ಕೆ ಎಂಟು ಕಿಲೋಮೀಟರ್ ನಡೆದು, ಯಾರಾದರೂ ಅಗೆದಿದ್ದಾರೆಯೇ, ಮಣ್ಣು ಕೊಚ್ಚಿಹೋಗಿದೆಯೇ ಎಂದು ನೋಡಬೇಕು. ಅವನ ಸೊಂಟದಲ್ಲಿರುವ ಯಂತ್ರ ಅವನೆಲ್ಲಿದ್ದಾನೆಂದು ಹೊಸೂರಿನ ಆಫೀಸಿಗೆ ತೋರಿಸುತ್ತಿರುತ್ತದೆ; ಯಂತ್ರ ಹಾದುಹೋದ ದಾರಿ ಅಲ್ಲಿನ ಮ್ಯಾಪಿನಲ್ಲಿ ಪಚ್ಚೆಯಾಗುತ್ತದೆ. ಕಂಪನಿ ಬೂಟನ್ನೂ ಕೊಟ್ಟಿತ್ತು. ಆದರೆ ಬೆಳೆ ನಿಂತ ಹೊಲಕ್ಕೆ ಮೆಟ್ಟು ಹಾಕಿಕೊಂಡು ಇಳಿಯುವ ವಂಶದವನಲ್ಲ ಅವನು. ಬೂಟನ್ನು ಹೆಗಲಿಗೆ ನೇತುಹಾಕಿಕೊಂಡು ಬರಿಗಾಲಲ್ಲೇ ನಡೆಯುತ್ತಿದ್ದ.

ಅದಕ್ಕೇ ಮಳೆಗಾಲ ಮುಗಿದ ಮೇಲೆ, ರಾಮಕ್ಕನ ಟೊಮೇಟೊ ತೋಟದ ಪಕ್ಕದ ಹಳ್ಳದ ದಡದಲ್ಲಿ, ಅವನ ಅಂಗಾಲಿಗೆ ನೆಲ ಮೆತ್ತಗೆ ಸಿಕ್ಕಿತು. ಮೇಲೆ ಹುಲ್ಲು ಚೆನ್ನಾಗಿಯೇ ಇತ್ತು. ಕೈಯಲ್ಲಿದ್ದ ಕೋಲು ಒತ್ತಿದರೆ ಮೊಳದುದ್ದ ಇಳಿಯಿತು. ಅಡಿಯ ಮಣ್ಣನ್ನೆಲ್ಲ ನೀರು ತಿಂದು, ಪೈಪು ಆಧಾರವಿಲ್ಲದೆ ನಿಂತಿತ್ತು. ರಾಮಕ್ಕನ ಟ್ರ್ಯಾಕ್ಟರು ದಿನಾ ಅದರ ಮೇಲೇ ಓಡಾಡುತ್ತಿತ್ತು.

ದಾಸಪ್ಪ ಸೂಪರ್‌ವೈಸರ್ ನರೇಶನಿಗೆ ಮೂರು ಸಲ ಹೇಳಿದ.

“ಮ್ಯಾಪಲ್ಲಿ ಎಲ್ಲಾ ಪಚ್ಚೆ ತೋರುಸ್ತೈತೆ ಕಣಣ್ಣ. ನೀನು ಮೊದ್ಲು ಬೂಟು ಹಾಕ್ಕ,” ಎಂದ ನರೇಶ.

ದಾಸಪ್ಪನಿಗೆ ಮೈ ಉರಿಯಿತು. ದಾರಿಯುದ್ದಕ್ಕೂ ಹಳದಿ ಕಲ್ಲು ನೆಟ್ಟು ‘ದೇಶದ ಸೊತ್ತು, ಕಾಪಾಡಿ’ ಎಂದು ಬರೆಸಿದವರಿಗೆ, ಅದನ್ನು ಬಂದು ನೋಡಲು ಕಾಲಿರಲಿಲ್ಲ.

ಕೊನೆಗೆ ದೊಡ್ಡ ಅಧಿಕಾರಿಗಳು ತಪಾಸಣೆಗೆ ಬರುವ ದಿನ ಗೊತ್ತಾಯಿತು. ನರೇಶ ಹಿಂದಿನ ದಿನವೇ ಆ ಜಾಗದ ಮೇಲೆ ಕೆಮ್ಮಣ್ಣು ಹರಡಿಸಿ, ಶಾಮಿಯಾನ ಹಾಕಿಸಿದ. ಬಂದವರು ನೆರಳಲ್ಲಿ ಎಳನೀರು ಕುಡಿಯುತ್ತಾ ಎಂಟು ಕಿಲೋಮೀಟರನ್ನೂ ಲ್ಯಾಪ್‌ಟಾಪಿನಲ್ಲಿ ನೋಡಿ ಮುಗಿಸಿದರು. ಬಹಳ ಅಚ್ಚುಕಟ್ಟು ಎಂದು ಹೊಗಳಿ, ಶಾಲು ಹೊದಿಸಲು ದಾಸಪ್ಪನನ್ನೇ ಕರೆದರು.

ಥೂ ಅನ್ನಿಸಿತು ಅವನಿಗೆ. ಶಾಲು ಹೊದ್ದು ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ನಾಳೆ ಬೆಳಿಗ್ಗೆ ರಾಮಕ್ಕನ ಟ್ರ್ಯಾಕ್ಟರೂ ಇಲ್ಲೇ ಬರುತ್ತದೆ.

“ಸಾರ್, ನೀವು ನಿಂತಿರೋ ಕಡೆ ತಳದಾಗೆ ಮಣ್ಣೇ ಇಲ್ಲ,” ಎಂದು ಕೋಲು ಒತ್ತಿದ. ಕೋಲು ಪೂರ್ತಿ ಇಳಿದುಹೋಯಿತು. ದೊಡ್ಡವರು ಎಳನೀರು ಬಿಸಾಕಿ, ಒಬ್ಬರನ್ನೊಬ್ಬರು ತಳ್ಳಿಕೊಂಡು ಬದುವಿನತ್ತ ಓಡಿದರು.

ಆ ವಾರವೇ ಹಳ್ಳದ ದಡಕ್ಕೆ ಕಾಂಕ್ರೀಟು ಬಿತ್ತು. ದಾಸಪ್ಪನಿಗೂ ಒಂದು ಕಾಗದ ಬಂತು. ಬೂಟು ಧರಿಸದೆ ಕರ್ತವ್ಯ ನಿರ್ವಹಿಸಿದ್ದಕ್ಕಾಗಿ ಅವನನ್ನು ಕೆಲಸದಿಂದ ತೆಗೆಯಲಾಗಿತ್ತು.

ಅವನು ಹಿಂದಿರುಗಿಸಿದ ಹೊಸ ಬೂಟು ನರೇಶನ ಬಾಮೈದನ ಕಾಲಿಗೆ ಸರಿಯಾಗಿ ಕೂತಿತು. ಆ ಮಹಾರಾಯ ಈಗ ಅದನ್ನು ಹಾಕಿಕೊಂಡು, ಯಂತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು, ಪೈಪಿನ ಪಕ್ಕದ ರಸ್ತೆಯಲ್ಲಿ ದಿನಾ ಬೈಕಿನಲ್ಲಿ ಹೋಗಿಬರುತ್ತಾನೆ. ಹೊಲಕ್ಕೆ ಕಾಲಿಡುವುದಿಲ್ಲ. ಆಫೀಸಿನ ಮ್ಯಾಪು ಪಚ್ಚೆಯಾಗಿಯೇ ಇದೆ.