ಜವಳಿ ಅಂಗಡಿಯವರ ಉಳಿದ ಮಾತ್ರೆಗಳು

ಮೊನ್ನೆ ಅರಸೀಕೆರೆಯ ಅಂಗಡಿಯೊಂದರಲ್ಲಿ ಪಂಚೆ ಬಿಡಿಸಿ ತೋರಿಸಿದರು. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೇಬೀಡಿನ ಜವಳಿ ಅಂಗಡಿಯವರು ನೆನಪಾದರು. ಅವರ ಮೇಲೆ ನನಗಿದ್ದ ಸಿಟ್ಟೂ ಜೊತೆಗೇ ನೆನಪಾಯಿತು.

ಎಪ್ಪತ್ತರ ದಶಕದ ಕೊನೆ. ನಾನಲ್ಲಿ ಡಾಕ್ಟರೊಬ್ಬರ ಶಾಪಿನಲ್ಲಿ ಕಾಂಪೌಂಡರ್. ಎದುರಿಗೇ ಅವರ ಅಂಗಡಿ. ಬಸದಿಗೆ ಹೋಗಿ ಬರದೆ ಬಾಯಿಗೆ ನೀರೂ ಹಾಕದ ಜೈನರು, ಒಂದಂಗುಲ ಹೆಚ್ಚೇ ಅಳೆದು ಹರಿಯುವ ಸಂಭಾವಿತರು. ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು. ಅಷ್ಟೇ ರೀ! ಕಲ್ಲು ಹೊರಬೇಕಿತ್ತೇ? ತಿಂಗಳ ಕೊನೆಗೆ ನೋಡಿದರೆ ಕೊಟ್ಟದ್ದರಲ್ಲಿ ಸರಿಯಾಗಿ ಅರ್ಧದಷ್ಟು ಪೊಟ್ಟಣದಲ್ಲೇ ಇರುತ್ತಿತ್ತು. ಮೂತ್ರಕ್ಕೆ ಔಷಧಿ ಹಾಕಿ ಕಾಯಿಸಿದರೆ, ಸಕ್ಕರೆ ಇಲ್ಲದವರದು ನೀಲಿ; ಇವರದು ಪ್ರತಿ ಸಲವೂ ಇಟ್ಟಿಗೆ ಕೆಂಪು.

"ಈ ಸಲಾನೂ ತಗೊಂಡಿಲ್ವೇನ್ರೀ?"

"ಮರ್ತೋಯ್ತು ಕಾಂಪೌಂಡ್ರೇ" ಎಂದು ನೆಲ ನೋಡುತ್ತಿದ್ದರು.

ಗಿರಾಕಿ ಹತ್ತು ವರ್ಷದ ಹಿಂದೆ ಕೊಂಡ ಸೀರೆಯ ಅಂಚು ನೆನಪಿರುವವರಿಗೆ ಮಾತ್ರೆ ಮರೆಯುತ್ತದಂತೆ! ನಾಲ್ಕು ಜನರೆದುರೇ ಬೈದೆ. ಪೊಟ್ಟಣದ ಮೇಲೆ ಮೊದಲಿನಿಂದಲೂ ಬರೆಯುತ್ತಿದ್ದ 'ರಾತ್ರಿ ಊಟದ ನಂತರ' ಎಂಬುದನ್ನೇ ದಪ್ಪಕ್ಷರದಲ್ಲಿ ಬರೆದು ಕೆಳಗೆ ಗೆರೆ ಬೇರೆ ಎಳೆದೆ. ಮುಂದಿನ ತಿಂಗಳೂ ಅದೇ ಹಾಡು. ಎರಡು ವರ್ಷ ಹೀಗೇ...

ಕೊನೆಗೆ ಕಾಲಿನ ಹೆಬ್ಬೆರಳಿಗೆ ಆದ ಗಾಯ ಮಾಯಲೇ ಇಲ್ಲ. ಹಾಸನಕ್ಕೆ ಕರೆದೊಯ್ದರು, ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು. ನೋಡಲು ಹೋದ ನಾನು ಅಲ್ಲಾದರೂ ಸುಮ್ಮನಿದ್ದೆನೇ? "ಒಂದು ಮಾತ್ರೆ ನುಂಗೋಕೆ ನಿಮಗೇನಾಗಿತ್ತು ಯಜಮಾನ್ರೇ?" ಎಂದೆ.

ಅವರ ಹೆಂಡತಿಗೆ ತಡೆಯಲಾಗಲಿಲ್ಲ. "ಬೆಳಿಗ್ಗೇದು ಒಂದಿನಾನೂ ತಪ್ಪಿಸಿಲ್ಲ ಇವ್ರು. ಇನ್ನೊಂದು ರಾತ್ರಿ ಊಟ ಆದ್ಮೇಲೆ ಅಂತ ನೀವೇ ಬರ್ದಿದ್ರಲ್ಲ. ಹೊತ್ತು ಮುಳುಗಿದ ಮೇಲೆ ನಮ್ಗೆ ಊಟ ಎಲ್ಲೈತೆ? ನೀರೂ ಮುಟ್ಟಲ್ಲ. ಸಂಜೆ ಊಟದ ಜೊತೇಲೇ ತಗೊಳ್ಳಿ ಅಂದೆ. ಬರ್ದಿರೋದು ಬಿಟ್ಟು ನುಂಗಿ ಹೆಚ್ಚುಕಮ್ಮಿ ಆದ್ರೆ ಅಂತ ಹೆದ್ರಿದ್ರು."

"ಅಯ್ಯೋ, ನನಗೆ ಹೇಳಬಾರದಿತ್ತೇ?"

ಜವಳಿ ಅಂಗಡಿಯವರು ಮೆಲ್ಲಗೆ ಅಂದರು: "ಹೇಳೋಕೆ ನೀವು ಎಲ್ಲಿ ಬಿಟ್ರಿ ಕಾಂಪೌಂಡ್ರೇ?"

ಹೊತ್ತಿಳಿಯುವ ಮುಂಚೆ ಅವರು ಊಟಕ್ಕೆಂದು ಗಲ್ಲಾದಿಂದ ಏಳುವುದನ್ನು ದಿನವೂ ಎದುರಿಗೆ ಕೂತು ನೋಡಿದವನು ನಾನು. ಊರಿಗೇ ಗೊತ್ತಿದ್ದ ವಿಷಯ. ಥೂ, ನನ್ನ ಬುದ್ಧಿಗಿಷ್ಟು! 'ಸಂಜೆ' ಎಂದು ಎರಡಕ್ಷರ ಬರೆದಿದ್ದರೆ ಆಗುತ್ತಿತ್ತು.

ಆಮೇಲೆ ಅವರು ವರ್ಷವೂ ಬಾಳಲಿಲ್ಲ. ಈಗ ಮಾತ್ರೆ ಬಿಟ್ಟವರನ್ನು ಯಾರಾದರೂ ಬೈದರೆ ನನಗೆ ಮೈ ಉರಿಯುತ್ತದೆ. ಮೊದಲು ಯಾಕೆ ಅಂತ ಕೇಳ್ರಯ್ಯ ಎಂದು ರೇಗುತ್ತೇನೆ. ಅವತ್ತು ಹಾಸನದಲ್ಲಿ, 'ತಪ್ಪಾಯ್ತು ಯಜಮಾನ್ರೇ' ಎನ್ನಲು ನನಗೆ ಬಾಯೇ ಬರಲಿಲ್ಲ. ಆಮೇಲೂ ಹೇಳಲಿಲ್ಲ... ಎರಡು ವರ್ಷ ಬೈಯುವುದಕ್ಕೆ ಮಾತ್ರ ಬಾಯಿತ್ತು.