ಕೂಗದೆ ಬಿಟ್ಟ ಹೆಸರು

ಕೊರೊನಾದಿಂದ ಮುಚ್ಚಿದ್ದ ಶಾಲೆಗಳು ಮತ್ತೆ ತೆರೆದ ವರ್ಷ ನಾನು ಹುತ್ತೂರು ಹೋಬಳಿಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದೆ. ನಿವೃತ್ತಿಯಾದ ಮೇಲೂ ಮಧ್ಯಾಹ್ನದ ಮಂಪರಿನಲ್ಲಿ ಎಷ್ಟೋ ಸಲ ಅದೇ ತರಗತಿಗೆ ಹೋಗಿಬಿಡುತ್ತೇನೆ. ಕಿಟಕಿಯಾಚೆ ಹಿಪ್ಪುನೇರಳೆ ತೋಟ, ಗಾಳಿಯಲ್ಲಿ ಹಸಿ ಸೊಪ್ಪಿನ ವಾಸನೆ, ಬಾಗಿಲ ಪಕ್ಕ ಚೈತ್ರಾ.

ಮೂರನೇ ತರಗತಿಯ ಹುಡುಗಿ. ಅವಳ ತಾಯಿಯನ್ನು ಆಂಬುಲೆನ್ಸ್ ಕರೆದೊಯ್ದಿತ್ತು, ಆಕೆ ಹಿಂದಿರುಗಲಿಲ್ಲ. ಶಾಲೆಯಲ್ಲಿ ಮಗು ತುಟಿ ಬಿಚ್ಚುತ್ತಿರಲಿಲ್ಲ. ಹಾಜರಿಯಲ್ಲಿ ಅವಳ ಹೆಸರು ಬಂದರೆ ಇಡೀ ತರಗತಿ ತಿರುಗಿ ನೋಡುತ್ತಿತ್ತು, ಅವಳು ತಲೆ ತಗ್ಗಿಸುತ್ತಿದ್ದಳು. ‘ಟ್ರಾಮಾ’ ಎಂದರೆ ಮನಸ್ಸಿಗೆ ಬಿದ್ದ ಆಳವಾದ ಪೆಟ್ಟು, ಅಂಥ ಮಗುವನ್ನು ಮಾತಿಗೆ ಒತ್ತಾಯಿಸಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಮಹಾ ಬುದ್ಧಿವಂತೆ, ಒಂದು ಹೆಜ್ಜೆ ಮುಂದೆ ಹೋದೆ. ಅವಳ ಹೆಸರನ್ನೇ ಕೂಗದೆ ಸದ್ದಿಲ್ಲದೆ ಹಾಜರಿ ಹಾಕತೊಡಗಿದೆ. ನನ್ನ ಕರುಣೆಗೆ ನಾನೇ ಬೀಗಿದ್ದೂ ಉಂಟು.

ನಾಲ್ಕನೇ ದಿನ ಚೈತ್ರಾ ಬರಲಿಲ್ಲ. ವಾರ ಕಳೆದರೂ ಇಲ್ಲ. ಹೀಗೇ ಬಿಟ್ಟರೆ ಮಗು ಶಾಲೆಗೇ ಎರವಾಗುತ್ತದೆಂದು ಹೆದರಿ, ಸಂಜೆ ಅವಳ ಮನೆಗೆ ಹೋದೆ. ರೇಷ್ಮೆಹುಳು ಸಾಕುವ ಕೋಣೆಗೆ ಹೊರಗಿನವರು ಹೋಗುವಂತಿಲ್ಲ, ಹೊಸ್ತಿಲಲ್ಲೇ ನಿಂತೆ. ಒಳಗೆ ಅರೆಗತ್ತಲು. ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಸೋನೆಯಂತೆ ಕೇಳುತ್ತಿತ್ತು. ಬಂದ ಕೆಲಸವೇ ಮರೆತುಹೋಯಿತು. ಸೊಪ್ಪು ಹರಡುತ್ತಿದ್ದ ಚೈತ್ರಾ ನನ್ನನ್ನು ಕಂಡು ಅಜ್ಜಿ ಮುನಿವೆಂಕಟಮ್ಮನ ಹಿಂದೆ ಸರಿದಳು.

ಅಜ್ಜಿ ಹೊಸ್ತಿಲಿಗೆ ಬಂದು ಹೇಳಿದರು: “ರೇಷನ್ ಕಾರ್ಡಿಂದ ಇವ್ರಮ್ಮನ ಹೆಸ್ರು ತೆಗೆಸಿದ್ವಲ್ಲ ಮೇಡಂ, ಪಕ್ಕದಲ್ಲೇ ನಿಂತು ನೋಡಿದ್ಲು. ಈಗ ‘ಇಸ್ಕೂಲಲ್ಲಿ ನನ್ ಹೆಸ್ರೂ ತೆಗೆದುಬಿಟ್ರು, ಮಿಸ್ ಕೂಗೋದೇ ಇಲ್ಲ’ ಅಂತ ನನ್ ಕಿವೀಲಿ ಹೇಳಿ ಅಳ್ತಾಳೆ.”

ಶಾಲೆಯಿಂದ ನೇರ ಬಂದಿದ್ದರಿಂದ ಹಾಜರಿ ಪುಸ್ತಕ ಚೀಲದಲ್ಲೇ ಇತ್ತು. ಅವಳ ಹೆಸರಿದ್ದ ಪುಟ ತೆರೆದು ಹಿಡಿದೆ.

“ರಾ ತಲ್ಲಿ, ಬಾರಮ್ಮ, ನೋಡ್ಬಾ,” ಎಂದು ತೆಲುಗು ಬೆರೆಸಿ ಮೊಮ್ಮಗಳನ್ನು ಕರೆದರು ಅಜ್ಜಿ.

ಚೈತ್ರಾ ತನ್ನ ಹೆಸರಿನ ಮೇಲೆ ನಿಧಾನವಾಗಿ ಬೆರಳಾಡಿಸಿದಳು. ಸೊಪ್ಪಿನ ಹಸಿರು ಕಲೆ ಅಲ್ಲೇ ಉಳಿಯಿತು.

“ಪೊರೆ ಬಿಡೋವಾಗ ಹುಳ ಸೊಪ್ಪು ಮುಟ್ಟಲ್ಲ ಮೇಡಂ,” ಎಂದರು ಅಜ್ಜಿ. “ನಾವೂ ಹಾಕಲ್ಲ. ಹಂಗಂತ ಕೋಣೆ ಬೀಗ ಹಾಕ್ಕೊಂಡು ಹೋಗ್ಬಿಡ್ತೀವಾ?”

ಮರುದಿನ ಚೈತ್ರಾ ಬಂದಳು. ಅಂದಿನಿಂದ ಅವಳ ಹೆಸರು ಕೂಗಿ, ಹತ್ತು ಎಣಿಸುವಷ್ಟು ಹೊತ್ತು ಕಾದು, “ಬಂದಿದ್ದಾಳೆ” ಎಂದು ನಾನೇ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ತಿರುಗಿ ನೋಡಬೇಡಿ ಎಂದು ಉಳಿದ ಮಕ್ಕಳಿಗೂ ಹೇಳಿದ್ದೆ. ಸಂಕ್ರಾಂತಿ ಕಳೆಯಿತು, ಶಿವರಾತ್ರಿಯೂ ಕಳೆಯಿತು.

ನೊಂದ ಮಗುವಿನಿಂದ ಉತ್ತರ ಬರದಿದ್ದರೆ ಪರವಾಗಿಲ್ಲ, ನಾವು ಕರೆಯುವುದನ್ನು ಮಾತ್ರ ನಿಲ್ಲಿಸಬಾರದು. ನನ್ನ ನೌಕರಿ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ಹಾಗಿದ್ದೂ ಒಂದು ಬೆಳಿಗ್ಗೆ, ಮೇಲಧಿಕಾರಿಗಳು ಬರುವ ಗಡಿಬಿಡಿಯಲ್ಲಿ, ಚೈತ್ರಾ ಎಂದು ಕೂಗಿದವಳು ಕಾಯುವುದನ್ನೇ ಮರೆತು ಮುಂದಿನ ಹೆಸರಿಗೆ ಹಾರಿದೆ.

ಬಾಗಿಲ ಪಕ್ಕದಿಂದ ತೆಳ್ಳಗಿನ ದನಿ ಕೇಳಿತು.

“ಮಿಸ್, ನಾನಿನ್ನೂ ಹೇಳೇ ಇಲ್ಲ.”